ಲಘು ಬಾಂಬರ್ ಮತ್ತು ಭಾರಿ ಬಾಂಬರ್: ಯುದ್ಧಕಾಲದ ಎರಡು ಲೆಕ್ಕಾಚಾರಗಳು

ಬಾಂಬು ಹಾಕಲೆಂದು ರೂಪಿಸಿದ ಯುದ್ಧವಿಮಾನಗಳನ್ನು ಲಘು, ಮಧ್ಯಮ, ಭಾರಿ ಎಂದು ವಿಂಗಡಿಸುವ ರೂಢಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಲವು ದೇಶಗಳ ವಾಯುಪಡೆಗಳಲ್ಲಿ ಇತ್ತು. ಹೊರುವ ಬಾಂಬಿನ ತೂಕ ಮತ್ತು ಹಾರಬಲ್ಲ ದೂರ ಈ ವಿಂಗಡಣೆಯ ಮೇಲ್ನೋಟದ ಅಳತೆಗಳು. ಆದರೆ ವೇಗದ ಲಘು ಬಾಂಬರನ್ನೂ ಭಾರಿ ಬಾಂಬರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾದರೆ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಶತ್ರುವಿನ ಆಕಾಶದಲ್ಲಿ ವಿಮಾನ ಬದುಕಿ ಉಳಿಯುವುದು ಯಾವುದರ ಬಲದಿಂದ? ಭಾರಿ ಬಾಂಬರು ತನ್ನ ಮೈಮೇಲಿನ ಗನ್ನುಗಳನ್ನೂ ಜೊತೆಯಲ್ಲಿ ಹಾರುವ ನೂರಾರು ವಿಮಾನಗಳ ಗುಂಪನ್ನೂ ನಂಬಿತ್ತು. ವೇಗದ ಲಘು ಬಾಂಬರು ಗನ್ನುಗಳ ಭಾರವನ್ನೇ ಕಳಚಿಟ್ಟು, ಬೆನ್ನಟ್ಟಿ ಬರುವ ಫೈಟರಿಗಿಂತ ಮುಂದೆ ಓಡುವುದನ್ನು ನಂಬಿತ್ತು.

ಈ ಎರಡು ನಂಬಿಕೆಗಳ ನಡುವಿನ ವ್ಯತ್ಯಾಸ ಬ್ರಿಟನ್ನಿನ ಎರಡು ವಿಮಾನಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರಾಯ್ ಚಾಡ್ವಿಕ್ ವಿನ್ಯಾಸಗೊಳಿಸಿದ ಆವ್ರೊ ಲ್ಯಾಂಕಾಸ್ಟರ್ 1941ರ ಜನವರಿಯಲ್ಲಿ ಮೊದಲ ಬಾರಿಗೆ ಹಾರಿತು. ಅದಕ್ಕೆ ನಾಲ್ಕು ಮರ್ಲಿನ್ ಎಂಜಿನ್‌ಗಳು, ಏಳು ಮಂದಿ ಸಿಬ್ಬಂದಿ, ಮೂಗು, ಬೆನ್ನು, ಬಾಲಗಳಲ್ಲಿ ಗನ್ ಗೋಪುರಗಳು. ಸುಮಾರು 6,300 ಕಿಲೋ ಬಾಂಬನ್ನು ಹೊರುವ ಸಾಮರ್ಥ್ಯ. ಗರಿಷ್ಠ ವೇಗ ಗಂಟೆಗೆ ಸುಮಾರು 450 ಕಿಲೋಮೀಟರ್. ಡಿ ಹ್ಯಾವಿಲೆಂಡ್ ಮಸ್ಕಿಟೊ ಅದಕ್ಕೂ ಸುಮಾರು ಒಂದೂವರೆ ತಿಂಗಳು ಮೊದಲೇ, 1940ರ ನವೆಂಬರಿನಲ್ಲಿ, ಹಾರಿತ್ತು. ಅದಕ್ಕೆ ಎರಡೇ ಮರ್ಲಿನ್ ಎಂಜಿನ್‌ಗಳು, ಇಕ್ಕಟ್ಟಾದ ಕಾಕ್‌ಪಿಟ್ಟಿನಲ್ಲಿ ಭುಜಕ್ಕೆ ಭುಜ ತಾಗುವಂತೆ ಕೂರುವ ಇಬ್ಬರು, ಗಂಟೆಗೆ 600 ಕಿಲೋಮೀಟರ್ ದಾಟುವ ವೇಗ. ಬಾಂಬರ್ ಮಾದರಿಯಲ್ಲಿ ಒಂದು ಗನ್ನೂ ಇರಲಿಲ್ಲ.

ಮಸ್ಕಿಟೊ ತಯಾರಾಗುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರ ಒಡಲು ಮರದ್ದು. ಎರಡು ತೆಳು ಬರ್ಚ್ ಪ್ಲೈವುಡ್ ಹಾಳೆಗಳ ನಡುವೆ ಬಹಳ ಹಗುರವಾದ ಬಾಲ್ಸಾ ಮರವನ್ನಿಟ್ಟು, ಅಚ್ಚಿನ ಮೇಲೆ ಬಾಗಿಸಿ ಅಂಟಿಸುತ್ತಿದ್ದರು. ಹೀಗೆ ಎಡ ಮತ್ತು ಬಲದ ಹೋಳುಗಳನ್ನು ಬೇರೆ ಬೇರೆಯಾಗಿ ಮಾಡಿ, ಒಳಗಿನ ತಂತಿ, ಕೊಳವೆಗಳನ್ನು ಜೋಡಿಸಿದ ಮೇಲೆ, ಹುರುಳಿ ಬೀಜದ ಎರಡು ಬೇಳೆಗಳನ್ನು ಕೂಡಿಸಿದಂತೆ ಒಂದಾಗಿಸುತ್ತಿದ್ದರು. ಅಲ್ಯೂಮಿನಿಯಂ ದುರ್ಲಭವಾಗಿದ್ದ ದಿನಗಳಲ್ಲಿ ಪೀಠೋಪಕರಣದ ಕಾರ್ಖಾನೆಗಳ ಬಡಗಿಗಳೂ ಯುದ್ಧವಿಮಾನದ ಭಾಗಗಳನ್ನು ಮಾಡಲು ಇದರಿಂದ ಸಾಧ್ಯವಾಯಿತು. ಮೈ ನುಣುಪಾಗಿ, ರಿವೆಟ್ಟುಗಳಿಲ್ಲದೆ ಇದ್ದುದರಿಂದ ಗಾಳಿಯ ತಡೆಯೂ ಕಡಿಮೆ. ಮರದ ತೊಡಕುಗಳೂ ಇದ್ದವು: 1944ರ ಕೊನೆಯಲ್ಲಿ ಭಾರತ ಮತ್ತು ಬರ್ಮಾ ರಣರಂಗದಲ್ಲಿದ್ದ ಮಸ್ಕಿಟೊಗಳ ರೆಕ್ಕೆಗಳ ಅಂಟುಗೆಲಸದ ಮೇಲೆ ಅನುಮಾನ ಹುಟ್ಟಿ, ಅವುಗಳ ಹಾರಾಟವನ್ನು ತಡೆಹಿಡಿದು ತಪಾಸಣೆ ಮಾಡಬೇಕಾಯಿತು.

ವೇಗವನ್ನೇ ರಕ್ಷಣೆಯಾಗಿ ನಂಬುವುದು ಆ ಹೊತ್ತಿಗೆ ಹೊಸ ವಿಚಾರವೇನೂ ಆಗಿರಲಿಲ್ಲ. ಅದು ಒಮ್ಮೆ ಭೀಕರವಾಗಿ ಸೋತಿತ್ತು. ಬ್ರಿಸ್ಟಲ್ ಬ್ಲೆನ್‌ಹೈಮ್ ಎಂಬ ಲಘು ಬಾಂಬರು 1930ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಅಂದಿನ ಫೈಟರುಗಳಿಗಿಂತ ವೇಗವಾಗಿತ್ತು. ಯುದ್ಧ ಬರುವಷ್ಟರಲ್ಲಿ ಜರ್ಮನಿಯ ಮೆಸ್ಸರ್‌ಶ್ಮಿಟ್ 109 ಅದನ್ನು ಬಹಳ ಹಿಂದೆ ಹಾಕಿತ್ತು. 1940ರ ಮೇ 17ರಂದು ಬೆಲ್ಜಿಯಂನ ಝಾಂಬ್ಲೂ ಕಡೆಗೆ ಹೊರಟ ಬ್ರಿಟಿಷ್ ವಾಯುಪಡೆಯ 82ನೇ ಸ್ಕ್ವಾಡ್ರನ್ನಿನ (ವಿಮಾನಗಳ ತುಕಡಿಯ) 12 ಬ್ಲೆನ್‌ಹೈಮ್‌ಗಳಲ್ಲಿ ಮರಳಿ ಬಂದದ್ದು ಒಂದೇ. ಹಾಗಾಗಿ ಗನ್ನೇ ಇಲ್ಲದ ಮರದ ಬಾಂಬರನ್ನು ವಾಯುಪಡೆಯ ಹಲವರು ಸಂಶಯದಿಂದ ನೋಡಿದ್ದು ಸಹಜವಾಗಿತ್ತು. ವಾಯುಪಡೆಯ ಹಿರಿಯ ಅಧಿಕಾರಿ ಸರ್ ವಿಲ್ಫ್ರಿಡ್ ಫ್ರೀಮನ್ ಬೆನ್ನಿಗೆ ನಿಲ್ಲದಿದ್ದರೆ ಆ ಯೋಜನೆ ಕಾಗದದ ಮೇಲೆಯೇ ಉಳಿಯುವ ಸಂಭವವಿತ್ತು.

ಮಸ್ಕಿಟೊ ಆ ಸಂಶಯಕ್ಕೆ ಕೆಲಸದಲ್ಲಿ ಉತ್ತರ ಕೊಟ್ಟಿತು. 1943ರ ಜನವರಿ 30ರಂದು, ನಾಜಿಗಳು ಅಧಿಕಾರಕ್ಕೆ ಬಂದ ಹತ್ತನೆಯ ವಾರ್ಷಿಕೋತ್ಸವದ ದಿನ, ಮೂರು ಮಸ್ಕಿಟೊಗಳು ಹಾಡುಹಗಲೇ ಬರ್ಲಿನ್ನಿಗೆ ಹೋಗಿ, ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್‌ನ ರೇಡಿಯೊ ಭಾಷಣದ ಹೊತ್ತಿಗೆ ಸರಿಯಾಗಿ ಬಾಂಬು ಹಾಕಿ ಬಂದವು. ಮುಂದೆ ಬಾಂಬಿನ ಕೋಣೆಯನ್ನು ಉಬ್ಬಿಸಿದ ಮಾದರಿಗಳು ಸುಮಾರು 1,800 ಕಿಲೋದ ಒಂದೇ ಬಾಂಬನ್ನು ಬರ್ಲಿನ್ನಿನವರೆಗೆ ಒಯ್ಯತೊಡಗಿದವು. ಲ್ಯಾಂಕಾಸ್ಟರ್‌ಗಳ ನಷ್ಟ ನೂರು ಹಾರಾಟಗಳಿಗೆ ಎರಡಕ್ಕಿಂತ ತುಸು ಹೆಚ್ಚು. ಮಸ್ಕಿಟೊ ಬಾಂಬರುಗಳದು ಒಂದಕ್ಕಿಂತಲೂ ಕಡಿಮೆ. ಒಬ್ಬ ವೈಮಾನಿಕನ ಒಂದು ಸೇವಾವಧಿ ಎಂದರೆ 30 ಹಾರಾಟಗಳು. ನೂರಕ್ಕೆ ಎರಡು ಎಂಬ ಸಣ್ಣ ಸಂಖ್ಯೆ ಆ ಮೂವತ್ತೂ ಸಲ ಎದುರಾದಾಗ, ಹೊರಟವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ವಿಮಾನಗಳು ಉಳಿಯುವುದಿಲ್ಲ. ಮತ್ತು ಬೀಳುವ ಒಂದೊಂದು ಲ್ಯಾಂಕಾಸ್ಟರ್‌ನಲ್ಲೂ ಏಳು ಜನ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,000ಕ್ಕೂ ಹೆಚ್ಚು ಜನ ಸತ್ತರು.

ಭಾರಿ ಬಾಂಬರಿನ ಗನ್ನುಗಳಾದರೂ ನಿರೀಕ್ಷಿಸಿದಷ್ಟು ಕಾಪಾಡಿದವೇ? ಇಲ್ಲವೆಂದೇ ಹೇಳಬೇಕು. ಜರ್ಮನಿಯ ರಾತ್ರಿ ಫೈಟರುಗಳು ಮೇಲ್ಮುಖವಾಗಿ ಓರೆಯಾಗಿ ಕೂರಿಸಿದ ಫಿರಂಗಿಗಳೊಡನೆ ಕತ್ತಲಲ್ಲಿ ಕೆಳಗಿನಿಂದ ಬಂದು ಹೊಡೆಯುತ್ತಿದ್ದವು. ಬಹುತೇಕ ಲ್ಯಾಂಕಾಸ್ಟರ್‌ಗಳ ಹೊಟ್ಟೆಯ ಅಡಿಯಲ್ಲಿ ಗನ್ನೂ ಇರಲಿಲ್ಲ, ನೋಡುವ ಕಣ್ಣೂ ಇರಲಿಲ್ಲ. ಆಗ ಬಾಂಬರ್ ಕಮಾಂಡಿನಲ್ಲಿ ಅಂಕಿಅಂಶಗಳ ವಿಶ್ಲೇಷಣೆ ಮಾಡುತ್ತಿದ್ದ, ಮುಂದೆ ಭೌತವಿಜ್ಞಾನಿಯಾಗಿ ಹೆಸರಾದ ಫ್ರೀಮನ್ ಡೈಸನ್, ಗೋಪುರಗಳನ್ನು ಕಿತ್ತುಹಾಕಿದರೆ ವೇಗವೂ ಹೆಚ್ಚುತ್ತದೆ, ಬಿದ್ದ ವಿಮಾನದೊಡನೆ ಸಾಯುವವರ ಸಂಖ್ಯೆಯೂ ಇಳಿಯುತ್ತದೆ ಎಂದು ವಾದಿಸಿದ್ದರು. ಆ ಮಾತು ನಡೆಯಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನೋವು ಕೊಡುವ ಸಂಗತಿ ಇದೇ.

ಹಾಗೆಂದು ಲ್ಯಾಂಕಾಸ್ಟರ್‌ಗಳ ಬದಲು ಮಸ್ಕಿಟೊಗಳನ್ನೇ ಕಟ್ಟಬೇಕಿತ್ತು ಎಂಬ ವಾದವನ್ನು ಪೂರ್ತಿಯಾಗಿ ಒಪ್ಪಲಾಗದು. 1944ರ ನವೆಂಬರಿನಲ್ಲಿ ನಾರ್ವೆಯ ಕರಾವಳಿಯಲ್ಲಿ ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆಯನ್ನು ಮುಳುಗಿಸಿದ ಐದು ಟನ್ನಿಗೂ ಮೀರಿದ ಟಾಲ್‌ಬಾಯ್ ಬಾಂಬನ್ನಾಗಲಿ, ಅದಕ್ಕಿಂತ ದೊಡ್ಡದಾದ, ಸುಮಾರು ಹತ್ತು ಟನ್ನಿನ ಗ್ರ್ಯಾಂಡ್ ಸ್ಲ್ಯಾಮ್ ಅನ್ನಾಗಲಿ ಮಸ್ಕಿಟೊ ಎತ್ತಲಾರದು. ಅದರ ಕಡಿಮೆ ನಷ್ಟಕ್ಕೂ ಒಂದು ಒಳಗುಟ್ಟಿದೆ: ಶತ್ರುವಿನ ರಾತ್ರಿ ಫೈಟರುಗಳ ಗಮನವೆಲ್ಲ ಭಾರಿ ಬಾಂಬರುಗಳ ಪ್ರವಾಹದ ಮೇಲಿತ್ತು. ಆಕಾಶದ ತುಂಬ ಮಸ್ಕಿಟೊಗಳೇ ಇದ್ದಿದ್ದರೆ ಜರ್ಮನಿಯೂ ಅವುಗಳನ್ನು ಹಿಡಿಯುವ ವಿಮಾನಗಳಿಗೇ ಹೆಚ್ಚು ಒತ್ತು ಕೊಡುತ್ತಿತ್ತು.

ಯುದ್ಧದ ನಂತರ ಈ ಎರಡೂ ಬಗೆಗಳನ್ನು ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಒಂದರ ನಂತರ ಒಂದರಂತೆ ಹಾರಿಸಿತು. ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಅಮೆರಿಕನ್ ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಭಾರಿ ಬಾಂಬರುಗಳನ್ನು ಬೆಂಗಳೂರಿನ ಎಚ್.ಎ.ಎಲ್.ಗೆ ಹಾರಿಸಿಕೊಂಡು ಬಂದು, ಅಲ್ಲಿ ದುರಸ್ತಿ ಮಾಡಿ, 1948ರಲ್ಲಿ ಆ ಸ್ಕ್ವಾಡ್ರನ್ನಿಗೆ ಒಪ್ಪಿಸಲಾಯಿತು. 1957ರಲ್ಲಿ ಅವುಗಳ ಜಾಗಕ್ಕೆ ಬಂದದ್ದು ಎರಡು ಜೆಟ್ ಎಂಜಿನ್ನಿನ ಕ್ಯಾನ್‌ಬೆರಾ: ಬೆನ್ನಿನಲ್ಲೂ ಬಾಲದಲ್ಲೂ ಗನ್ ಗೋಪುರವಿಲ್ಲದೆ, ಎತ್ತರ ಮತ್ತು ವೇಗಗಳನ್ನೇ ನೆಚ್ಚಿ ಹಾರಿದ ಬಾಂಬರು.