ಎಚ್‌ಆರ್ ಶುರುವಾಗೋದು ಟೈಮ್ ಆಫೀಸ್‌ನಲ್ಲಿ

ಎಂಬಿಎ ಮುಗಿಸಿ ನಮ್ಮ ಡಿಪಾರ್ಟ್‌ಮೆಂಟಿಗೆ ಸೇರೋ ಹುಡುಗ್ರು ಹುಡುಗೀರು ಮೊದಲ ದಿನ ಕೇಳೋದು ಒಂದೇ ಪ್ರಶ್ನೆ, ಸರ್ ನಮಗೆ ರಿಕ್ರೂಟ್‌ಮೆಂಟ್ ಕೊಡ್ತೀರಾ ಟ್ರೈನಿಂಗ್ ಕೊಡ್ತೀರಾ ಅಂತ. ನಾನು ಅವರನ್ನ ಮೂರು ತಿಂಗಳು ಟೈಮ್ ಆಫೀಸ್‌ನಲ್ಲಿ ಕೂರಿಸ್ತೀನಿ. ಮುಖ ಸಪ್ಪಗಾಗುತ್ತೆ. ಪಂಚಿಂಗ್ ಮಷೀನು, ಹಾಜರಿ, ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಲೆಕ್ಕ, ಇದಕ್ಕಾ ಎರಡು ವರ್ಷ ಓದಿದ್ದು ಅನ್ಸುತ್ತೆ ಪಾಪ. ಆದ್ರೆ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಶುರು ಮಾಡಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡ್ಕೊಂಡು ಬಂದಿರೋನಾಗಿ ನನಗೆ ಗೊತ್ತಿರೋ ಎಚ್‌ಆರ್‌ನ ತಳಪಾಯ ಇಷ್ಟೇ: ದುಡಿದ ದಿನ ಲೆಕ್ಕಕ್ಕೆ ಬರಬೇಕು, ಲೆಕ್ಕಕ್ಕೆ ಬಂದಿದ್ದು ತಾರೀಖಿಗೆ ಸರಿಯಾಗಿ ಅಕೌಂಟಿಗೆ ಬೀಳಬೇಕು, ಬೀಳದಿದ್ರೆ ಕೇಳೋಕೆ ಒಬ್ಬ ಮನುಷ್ಯ ಸಿಗಬೇಕು.

ಇದು ಕುಸಿದ್ರೆ ಏನಾಗುತ್ತೆ ಅನ್ನೋದನ್ನ ನಾವು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನೋಡಿದ್ವಿ. 2020ರ ಡಿಸೆಂಬರ್ 12ರ ಬೆಳಗ್ಗೆ, ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಗಲಾಟೆ, ಗಾಜು ಒಡೆದು ಗಾಡಿ ಮಗುಚಿದ ವಿಡಿಯೋಗಳು ಎಲ್ಲರ ಮೊಬೈಲಿಗೂ ಬಂದ್ವು. ಹಿಂಸೆಯನ್ನ ನಾನು ಒಪ್ಪೋದಿಲ್ಲ. ಆದ್ರೆ ಆಮೇಲೆ ಬಂದ ವರದಿಗಳನ್ನ ಓದಿದಾಗ ಟೈಮ್ ಆಫೀಸ್‌ನಲ್ಲಿ ಕೂತಿದ್ದ ಯಾರಿಗಾದ್ರೂ ಹೊಟ್ಟೆ ಚುರ್ ಅನ್ನುತ್ತೆ. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ 10,000 ದಾಟಿತ್ತು, ಹೆಚ್ಚಿನವರು ಕಾಂಟ್ರಾಕ್ಟರ್‌ಗಳ ಮೂಲಕ ಬಂದವರು. ಅಕ್ಟೋಬರ್‌ನಲ್ಲಿ 8 ಗಂಟೆ ಶಿಫ್ಟು 12 ಗಂಟೆ ಆಯ್ತು, ಹಾಜರಿ ಸಿಸ್ಟಮ್ ಅದಕ್ಕೆ ಹೊಂದ್ಕೊಳ್ಳಲಿಲ್ಲ, ಕಾರ್ಮಿಕ ಕಾಯ್ದೆ ಗೊತ್ತಿರೋ ಎಚ್‌ಆರ್ ಸಿಬ್ಬಂದಿ ಸಾಕಷ್ಟಿರಲಿಲ್ಲ ಅಂತ ಸರ್ಕಾರಿ ಅಧಿಕಾರಿಗಳೇ ಬರೆದ್ರು. ಅಕ್ಟೋಬರ್, ನವೆಂಬರ್ ಸಂಬಳ ಕೆಲವರಿಗೆ ಸರಿಯಾಗಿ ಬಂದಿರಲಿಲ್ಲ ಅಂತ ಕಂಪನಿನೂ ಒಪ್ಕೊಂಡು ಕ್ಷಮೆ ಕೇಳಿತು, ಭಾರತದ ವಹಿವಾಟು ನೋಡ್ಕೊಳ್ತಿದ್ದ ವೈಸ್ ಪ್ರೆಸಿಡೆಂಟ್‌ನ ತೆಗೆದ್ರು, ಕಾರ್ಮಿಕರು ದೂರು ಹೇಳೋಕೆ ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್‌ನಲ್ಲಿ 24 ಗಂಟೆ ಹಾಟ್‌ಲೈನ್ ಇಟ್ರು.

ಆ ಹಾಟ್‌ಲೈನ್ ಮೊದಲ ದಿನವೇ ಇರಬೇಕಿತ್ತು ಅನ್ನೋದು ನನ್ನ ಸಂಕಟ.

ಇಲ್ಲಿ ಕಾಂಟ್ರಾಕ್ಟರ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಎಚ್‌ಆರ್‌ನವರು ತಪ್ಪಿಸ್ಕೊಳ್ಳೋ ಜಾಗ ಇದೇ. "ಅವರು ನಮ್ಮ ರೋಲ್‌ನಲ್ಲಿಲ್ಲ, ಕಾಂಟ್ರಾಕ್ಟರ್‌ನ ಕೇಳು" ಅಂತ ಕಿಟಕಿಯಿಂದಲೇ ವಾಪಸ್ ಕಳಿಸ್ತಾರೆ, ಕಾಂಟ್ರಾಕ್ಟರ್ ಕಡೆಯ ಹುಡುಗ ಕಂಪನಿಯಿಂದ ಬಿಲ್ ಪಾಸಾಗಿಲ್ಲ ಅಂತಾನೆ, ದುಡಿದೋನು ಎರಡು ಬಾಗಿಲ ಮಧ್ಯೆ ಓಡಾಡ್ತಾನೆ. ಆದ್ರೆ 2025ರ ನವೆಂಬರ್‌ವರೆಗೂ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿದ್ದು ಸ್ಪಷ್ಟ, ಕಾಂಟ್ರಾಕ್ಟರ್ ಸಂಬಳ ಕೊಡದಿದ್ರೆ ಕೆಲಸ ಮಾಡಿಸ್ಕೊಂಡ ಕಂಪನಿ ಕೊಟ್ಟು ಆಮೇಲೆ ಅವನಿಂದ ವಸೂಲಿ ಮಾಡ್ಕೋಬೇಕು. ಹಾಗೇನೇ ಓಟಿ. ಅಲ್ಲಿವರೆಗೂ ಇದ್ದ 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ್ರೆ ಡಬಲ್ ರೇಟು ಅಂತಿತ್ತು. ಇದನ್ನ ಸಾಫ್ಟ್‌ವೇರಿಗೆ ಹಾಕೋವಾಗ ಒಂದು ಕಾಲಮ್ ತಪ್ಪಿದ್ರೆ ಸಾವಿರ ಜನರ ಮನೆ ಲೆಕ್ಕ ತಪ್ಪುತ್ತೆ.

ನಾನು ಹೊಸಬನಾಗಿದ್ದಾಗ ಒಬ್ಬ ಹೆಣ್ಣುಮಗಳು ಸಂಬಳ ಚೀಟಿ ಹಿಡ್ಕೊಂಡು ಬಂದು "ಅಣ್ಣಾ, ನನ್ನ ಎರಡು ದಿನ ಎಲ್ಲೋಯ್ತು?" ಅಂದ್ರು. ಮುಂದಿನ ತಿಂಗಳು ಸೇರಿಸ್ತೀವಿ ಹೋಗಮ್ಮ ಅಂದುಬಿಟ್ಟೆ. ಮಾರನೇ ದಿನ ಅವರು ಮತ್ತೆ ಬಂದ್ರು, ಕೈಯಲ್ಲಿ ಒಂದು ಸಣ್ಣ ಕ್ಯಾಲೆಂಡರು, ಕೆಲಸಕ್ಕೆ ಬಂದ ದಿನಕ್ಕೆಲ್ಲ ಪೆನ್ನಲ್ಲಿ ಗುರುತು. ಅವರ ಬೆರಳ ರೇಖೆ ಸವೆದು ಮಷೀನು ಪಂಚ್ ತಗೊಂಡಿರಲಿಲ್ಲ, ಪಂಚ್ ತಪ್ಪಿದೆ, ಆದ್ರೆ ಕೆಲಸಕ್ಕೆ ಬಂದಿದ್ರು ಅಂತ ತಿಳಿಸೋ ಮಿಸ್ ಪಂಚ್ ಚೀಟಿನ ಸೂಪರ್‌ವೈಸರ್ ಕಳಿಸಿರಲಿಲ್ಲ. ಎರಡು ದಿನದ ದುಡ್ಡಲ್ಲಿ ಗ್ಯಾಸ್ ತಗೋಬೇಕಿತ್ತಂತೆ. ಅವತ್ತಿಂದ ನಾನು ಮುಂದಿನ ತಿಂಗಳು ಅನ್ನೋ ಮಾತು ಬಿಟ್ಟೆ, ತಪ್ಪು ನಮ್ಮದಾದ್ರೆ ಎರಡೇ ದಿನದಲ್ಲಿ ಬಾಕಿ ಹಾಕಿಸ್ತೀನಿ.

ಹಣ ಕೊಟ್ಟರೆ ಸಾಲದು, ಅದರ ಲೆಕ್ಕನೂ ಅರ್ಥ ಮಾಡಿಸ್ಬೇಕು. ಪಿಎಫ್‌ಗೆ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ಶೇ 12 ಕಟ್ಟಾಗುತ್ತೆ, ಕಂಪನಿನೂ ಅಷ್ಟೇ ಹಾಕುತ್ತೆ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಕಾರ್ಮಿಕರಿಂದ ಶೇ 0.75, ಕಂಪನಿಯಿಂದ ಶೇ 3.25, ಸಂಬಳ 21,000 ರೂಪಾಯಿ ಒಳಗಿದ್ದೋರಿಗೆ. ನಡುವೆ ಇನ್‌ಕ್ರಿಮೆಂಟ್ ಬಂದು 21,000 ದಾಟಿದ್ರೂ ಆಗ ನಡೀತಿರೋ ಆರು ತಿಂಗಳ ವಂತಿಗೆ ಅವಧಿ ಮುಗಿಯೋವರೆಗೂ ಇಎಸ್‌ಐ ಮುಂದುವರಿಯುತ್ತೆ, ಇದು ಗೊತ್ತಿಲ್ಲದೇ ಪ್ರತಿ ವರ್ಷ ಜಗಳ.

2016ರಲ್ಲಿ ಪಿಎಫ್‌ನಲ್ಲಿ ಕಂಪನಿ ಹಾಕಿದ ಪಾಲನ್ನ 58 ವರ್ಷದವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದ್ರಲ್ಲ, ಏಪ್ರಿಲ್ 18, 19, ಎರಡೇ ದಿನದಲ್ಲಿ ಸರ್ಕಾರ ವಾಪಸ್ ತಗೊಳ್ತು. ಅವರಿಗೆ ಅದು ಮಗಳ ಮದುವೆ ದುಡ್ಡು, ಊರಲ್ಲಿ ಮನೆಗೆ ಶೀಟ್ ಹಾಕ್ಸೋ ದುಡ್ಡು. ಆಗ ನಾನಿದ್ದ ಕಡೆ ಆ ನಿಯಮದ ಬಗ್ಗೆ ನಾವು ಒಬ್ಬ ಕಾರ್ಮಿಕರ ಹತ್ರನೂ ಒಂದು ಮಾತು ಆಡಿರಲಿಲ್ಲ, ಅದು ನನಗೆ ಇವತ್ತಿಗೂ ನೋವು.

20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ರೆ ಕುಂದುಕೊರತೆ ಸಮಿತಿ ಬೇಕು, 10 ಜನ ಇದ್ರೆ ಲೈಂಗಿಕ ಕಿರುಕುಳ ದೂರು ಕೇಳೋ ಆಂತರಿಕ ಸಮಿತಿ ಬೇಕು, ಎಲ್ಲ ಕಡೆ ಬೋರ್ಡ್ ಮೇಲೆ ಹೆಸರಿರುತ್ತೆ. ಸಮಿತಿ ಸದಸ್ಯರು ಯಾರು ಅಂತ ಲೈನ್‌ನಲ್ಲಿರೋ ಹೆಲ್ಪರ್‌ಗೆ ಗೊತ್ತಾ ಅಂತ ನೀವೇ ಹೋಗಿ ಕೇಳಿ.

ಈಗ ನಮ್ಮಲ್ಲಿ ಸಂಬಳ ಹಾಕೋಕೆ ಮೂರು ದಿನ ಮುಂಚೆ ಪ್ರತಿಯೊಬ್ಬರ ಹಾಜರಿ ಪಟ್ಟಿಯನ್ನ ಕನ್ನಡದಲ್ಲಿ ಪ್ರಿಂಟ್ ಹಾಕಿ ಕ್ಯಾಂಟೀನ್ ಹತ್ರ ಅಂಟಿಸ್ತೀವಿ. ಊಟದ ಬಿಡುವಲ್ಲಿ ಹೊಸ ಎಂಬಿಎಗಳು ಪೆನ್ನು ಹಿಡ್ಕೊಂಡು ಅಲ್ಲೇ ನಿಂತಿರ್ತಾರೆ, ತಪ್ಪಿದ್ದಕ್ಕೆ ಸುತ್ತು ಹಾಕ್ಕೊಂಡು ಬರ್ತಾರೆ. ಶುರುವಿನ ತಿಂಗಳು ನೂರರ ಮೇಲೆ ಸುತ್ತು ಬಿದ್ದಿದ್ವು, ಹೋದ ತಿಂಗಳು ಹನ್ನೊಂದು.