ಸೋಲು ಗೆಲುವು ಮೊದಲೇ ಬರೆದಿಟ್ಟ ಕುಸ್ತಿಗೆ ಅಂಕ ಹಾಕುವುದು

2017ರ ಜನವರಿ 1ರಂದು ನ್ಯೂ ಜಪಾನ್ ಪ್ರೊ-ರೆಸ್ಲಿಂಗ್ ಸಂಸ್ಥೆಯ ಹೆವಿವೇಟ್ ಚಾಂಪಿಯನ್ ಪಟ್ಟಿ ಇದ್ದದ್ದು ಕಝುಚಿಕಾ ಒಕಾಡಾನ ಸೊಂಟದಲ್ಲಿ. ಡಿಸೆಂಬರ್ 31ರಂದೂ ಅದು ಅಲ್ಲೇ ಇತ್ತು. ಆದರೂ ಜಪಾನಿನ ‘ಟೋಕಿಯೊ ಸ್ಪೋರ್ಟ್ಸ್’ ಪತ್ರಿಕೆ ವರ್ಷದ ಶ್ರೇಷ್ಠ ಕುಸ್ತಿಪಟು ಎಂದು ಗೌರವಿಸಿದ್ದು ತೆತ್ಸುಯಾ ನೈಟೊನನ್ನು. ಅತ್ತ ಅಮೆರಿಕದ ‘ರೆಸ್ಲಿಂಗ್ ಅಬ್ಸರ್ವರ್’ ಓದುಗರ ಮತ ಬಿದ್ದದ್ದು ಒಕಾಡಾನಿಗೆ. ಅಖಾಡ ಅದೇ, ಪಂದ್ಯಗಳು ಅವೇ, ತೀರ್ಪು ಮಾತ್ರ ಎರಡು.

ಓಟಗಾರನಾಗಿದ್ದರೆ ಗಡಿಯಾರ ನೋಡಿ ಜಗಳ ಮುಗಿಸಬಹುದಿತ್ತು. ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದನ್ನು ಸಂಸ್ಥೆಯೇ ಮೊದಲು ನಿರ್ಧರಿಸುತ್ತದೆ. ಹಾಗಾಗಿ ಸೊಂಟದ ಪಟ್ಟಿ ಹೇಳುವುದು ಒಕಾಡಾನ ಮೇಲೆ ಸಂಸ್ಥೆಗಿದ್ದ ನಂಬಿಕೆಯನ್ನು, ಅವನ ಸಾಮರ್ಥ್ಯದ ಅಳತೆಯನ್ನಲ್ಲ. ಗದಾಯುದ್ಧದ ಪ್ರಸಂಗದಲ್ಲಿ ದುರ್ಯೋಧನನ ತೊಡೆ ಮುರಿಯುವುದು ಎಲ್ಲರಿಗೂ ಗೊತ್ತು. ವೇಷಧಾರಿಯ ಬೆಲೆ ಕಟ್ಟುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಹೆಚ್ಚಿನವರು ನಕ್ಷತ್ರ ಎಣಿಸುತ್ತಾರೆ. ಪತ್ರಕರ್ತ ಡೇವ್ ಮೆಲ್ಟ್ಜರ್ ದಶಕಗಳಿಂದ ಪಂದ್ಯಗಳಿಗೆ ಐದರ ಅಳತೆಯಲ್ಲಿ ನಕ್ಷತ್ರ ಕೊಡುತ್ತ ಬಂದವರು. ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ಒಕಾಡಾ ಮತ್ತು ಕೆನ್ನಿ ಒಮೆಗಾ 46 ನಿಮಿಷ 45 ಸೆಕೆಂಡ್ ಸೆಣಸಿದರು. ಮೆಲ್ಟ್ಜರ್ ಕೊಟ್ಟದ್ದು ಆರು ನಕ್ಷತ್ರ. ಜೂನ್‌ನಲ್ಲಿ ಒಸಾಕಾದಲ್ಲಿ ಇದೇ ಜೋಡಿ 60 ನಿಮಿಷ ಹೋರಾಡಿ ಸಮಬಲ ಸಾಧಿಸಿದಾಗ ಆರೂಕಾಲು. ಐದಕ್ಕೆ ಮುಗಿಯುವ ಅಳತೆಗೋಲು ಆರು ತೋರಿಸಿತೆಂದರೆ ಗೋಲಿನ ನೆತ್ತಿ ಒಡೆದಿದೆ ಎಂದರ್ಥ. ಅಳೆಯುವ ವಸ್ತು ಅಳತೆಯನ್ನು ಮೀರಿ ಬೆಳೆದಾಗ ಮೇಲ್ತುದಿಯಲ್ಲಿ ಎಲ್ಲವೂ ಒಂದೇ ಕಡೆ ಒತ್ತರಿಸಿ ನಿಲ್ಲುತ್ತವೆ. ಸಂಖ್ಯಾಶಾಸ್ತ್ರಕ್ಕೆ ಇದು ಹಳೆಯ ತಲೆನೋವು.

ನೋಡುಗರ ನೆನಪೂ ನಂಬಿಗಸ್ತ ಸಾಕ್ಷಿಯಲ್ಲ. 1993ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಜನರ ಕೈಯನ್ನು 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಇರಿಸಿದರು. ಇನ್ನೊಂದು ಸಲ ಅಷ್ಟೇ ಹೊತ್ತು ಇರಿಸಿ, ಮೇಲೆ 30 ಸೆಕೆಂಡ್ ನೀರನ್ನು 15 ಡಿಗ್ರಿಗೆ ಏರಿಸುತ್ತ ಕೈ ತೆಗೆಯಲು ಬಿಡಲಿಲ್ಲ. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಮನಸ್ಸು ಉಳಿಸಿಕೊಳ್ಳುವುದು ತುತ್ತತುದಿಯನ್ನೂ ಕೊನೆಯನ್ನೂ. ನಡುವಿನ ಉದ್ದವನ್ನು ಅದು ಜಾರಿಸಿಬಿಡುತ್ತದೆ. ನಿಧಾನವಾಗಿ ಶುರುವಾಗಿ ಕೊನೆಯ ಹತ್ತು ನಿಮಿಷದಲ್ಲಿ ಕುದಿಯುವ ಒಕಾಡಾನ ಪಂದ್ಯಗಳು ಈ ದೌರ್ಬಲ್ಯಕ್ಕೆ ಹೇಳಿ ಮಾಡಿಸಿದಂತಿವೆ. ಒಂದು ವರ್ಷವನ್ನೂ ನಾವು ಹಾಗೆಯೇ ನೆನೆಯುತ್ತೇವೆ: ನಾಲ್ಕೈದು ದೊಡ್ಡ ರಾತ್ರಿಗಳು, ಉಳಿದದ್ದೆಲ್ಲ ಮಬ್ಬು.

ಇನ್ನೂ ದೊಡ್ಡ ತೊಡಕು, ಪಂದ್ಯ ಇಬ್ಬರದು ಎಂಬುದು. ಆ ಆರೂಕಾಲು ನಕ್ಷತ್ರದಲ್ಲಿ ಒಕಾಡಾನ ಪಾಲೆಷ್ಟು, ಒಮೆಗಾನದೆಷ್ಟು? ಇಂಥ ಪ್ರಶ್ನೆಗೆಂದೇ ಮನೋವಿಜ್ಞಾನಿ ಡೇವಿಡ್ ಕೆನ್ನಿ (ಹೆಸರಿನಲ್ಲಿ ಮಾತ್ರ ಒಮೆಗಾನ ನಂಟು) ಒಂದು ಲೆಕ್ಕದ ದಾರಿ ತೋರಿಸಿದ್ದಾರೆ. ಎಲ್ಲರನ್ನೂ ಎಲ್ಲರೊಂದಿಗೆ ಜೋಡಿಸಿ ನೋಡಿದರೆ ಒಬ್ಬನ ಸ್ವಂತ ಪಾಲು, ಎದುರಿನವನ ಪಾಲು, ಆ ಜೋಡಿಗಷ್ಟೇ ಕೂಡಿಬರುವ ಹೊಂದಾಣಿಕೆ, ಈ ಮೂರನ್ನೂ ಬೇರ್ಪಡಿಸಬಹುದು. ನ್ಯೂ ಜಪಾನ್ ಪ್ರತಿ ಬೇಸಿಗೆಯಲ್ಲಿ ಈ ಪ್ರಯೋಗವನ್ನು ಅರಿವಿಲ್ಲದೆಯೇ ನಡೆಸುತ್ತದೆ. ಅದು ಜಿ1 ಕ್ಲೈಮ್ಯಾಕ್ಸ್ ಎಂಬ ಟೂರ್ನಿ. 2017ರಲ್ಲಿ 20 ಮಂದಿ, ಹತ್ತರಂತೆ ಎರಡು ಗುಂಪು, ಒಬ್ಬೊಬ್ಬನಿಗೂ ಒಂಬತ್ತು ಎದುರಾಳಿಗಳು. ಒಕಾಡಾ ಆರು ಗೆದ್ದ, ಎರಡು ಸೋತ, ಮಿನೊರು ಸುಝುಕಿಯೊಂದಿಗೆ 30 ನಿಮಿಷದ ಸಮಬಲ. ನನಗೆ ಮುಖ್ಯವಾಗುವುದು ಈ ಅಂಕಗಳಲ್ಲ. ಅಖಾಡದ ಮೂಲೆಯ ಮೆತ್ತೆ ಬಿಚ್ಚಿ ನಗಿಸುವ ತೊರು ಯಾನೊನೊಂದಿಗೆ ಅವನು ವಿದೂಷಕನ ಜೊತೆಗಾರನಾದ, ಸುಝುಕಿಯೊಂದಿಗೆ ನೋವುಣ್ಣುವವನಾದ. ಯಾನೊ ಪಂದ್ಯಕ್ಕೆ ಯಾರೂ ಆರು ನಕ್ಷತ್ರ ಕೊಡುವುದಿಲ್ಲ. ಆದರೆ ಒಬ್ಬನ ಸ್ವಂತ ಪಾಲನ್ನು ಹುಡುಕುವವರು ಒಮೆಗಾನ ಪಂದ್ಯಕ್ಕಿಂತ ಇದನ್ನು ಮೊದಲು ನೋಡಬೇಕು.

ಲೆಕ್ಕಕ್ಕೆ ಸಿಗದ ಇನ್ನೊಂದು ವಿದ್ಯೆ ಇದೆ: ಬೀಳುವುದು. ಜಪಾನೀಯರು ಅದನ್ನು ‘ಉಕೆಮಿ’ ಎನ್ನುತ್ತಾರೆ. ಎರಡು ಮೀಟರ್ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಸೆಕೆಂಡಿಗೆ 6 ಮೀಟರ್ ದಾಟಿರುತ್ತದೆ. ಒಂದು ಸೆಂಟಿಮೀಟರ್‌ನಲ್ಲಿ ನಿಂತರೆ ಸರಾಸರಿ ಹೊಡೆತ ಗುರುತ್ವದ 200 ಪಟ್ಟು. ಅಖಾಡದ ಹಲಗೆ ಬಾಗಿ ಐದು ಸೆಂಟಿಮೀಟರ್ ಸಿಕ್ಕರೆ 40 ಪಟ್ಟು. ಗದ್ದ ಎದೆಗೆ ಒತ್ತಿ, ಬೆನ್ನಗಲ ಹರಡಿ, ತೋಳು ಬಡಿದು ಬೀಳುವವನು ಆ ಹೊಡೆತವನ್ನು ವಿಶಾಲ ಜಾಗಕ್ಕೆ ಹಂಚುತ್ತಾನೆ. ಚೆನ್ನಾಗಿ ಬಿದ್ದವನ ಸಾಧನೆ ಏನೂ ಆಗದಿರುವುದು, ಆಗದ ಗಾಯಕ್ಕೆ ಅಂಕವಿಲ್ಲ.

ಆದ ಗಾಯಕ್ಕೆ ಉಂಟು. ಏಪ್ರಿಲ್ 9ರಂದು ಟೋಕಿಯೊದ ರ್‍ಯೊಗೊಕು ಸಭಾಂಗಣದಲ್ಲಿ ಒಕಾಡಾನ ಎದುರಿಗಿದ್ದವನು ಕತ್ಸುಯೊರಿ ಶಿಬಾಟಾ. ಪಂದ್ಯ 38 ನಿಮಿಷ. ನಡುವೆ ಶಿಬಾಟಾ ತನ್ನ ಹಣೆಯಿಂದ ಒಕಾಡಾನ ಹಣೆಗೆ ಗುದ್ದಿದ. ಮೂಳೆಗೆ ಮೂಳೆ ತಾಗಿದ ಸದ್ದು ವಿಡಿಯೋದಲ್ಲೂ ಸ್ಪಷ್ಟ. ಶಿಬಾಟಾನ ಹಣೆಯಿಂದ ರಕ್ತದ ಗೆರೆ ಮೂಗಿನ ಕಡೆಗೆ ಇಳಿಯಿತು. ಈ ಹೊಡೆತಕ್ಕೆ ಉಕೆಮಿ ಇಲ್ಲ. ಬುರುಡೆ ಥಟ್ಟನೆ ನಿಂತರೂ ದ್ರವದಲ್ಲಿ ತೇಲುವ ಮಿದುಳು ಚಲಿಸುತ್ತಲೇ ಇರುತ್ತದೆ. ಎರಡರ ನಡುವಿನ ಸಣ್ಣ ಅಭಿಧಮನಿಗಳು ಜಗ್ಗಿ ಹರಿಯಬಹುದು. ಸೋತ ಶಿಬಾಟಾ ನಡೆದೇ ಹೊರಹೋಗಿ, ತೆರೆಮರೆಯಲ್ಲಿ ಕುಸಿದ. ಮಿದುಳಿನ ಹೊದಿಕೆಯಡಿ ರಕ್ತಸ್ರಾವ, ತುರ್ತು ಶಸ್ತ್ರಚಿಕಿತ್ಸೆ. ಪಂದ್ಯಕ್ಕೆ ಬಂದದ್ದು ಪೂರ್ಣ ಐದು ನಕ್ಷತ್ರ.

ಆಗಸ್ಟ್ 13ರಂದು, ನೈಟೊ ಜಿ1 ಗೆದ್ದ ದಿನ, ಅದೇ ಸಭಾಂಗಣಕ್ಕೆ ಶಿಬಾಟಾ ದಿಢೀರನೆ ಬಂದ. ಅಖಾಡದ ನಡುವೆ ಕುಳಿತು ಮೈಕ್ ಹಿಡಿದು ಹೇಳಿದ್ದು ಎರಡೇ ಮಾತು: “ಬದುಕಿದ್ದೇನೆ. ಅಷ್ಟೇ.”