ಹಳೆಯ ವ್ಯಾನಿನ ಕೂಲೆಂಟ್ ಎಲ್ಲಿ ಸೋರುತ್ತಿದೆ?

ಹಳೆಯ ವ್ಯಾನಿನ ಕೂಲೆಂಟ್ ಕಡಿಮೆಯಾಗುತ್ತಿದೆ ಎಂದು ಬರುವ ಮಾಲೀಕರಲ್ಲಿ ಹೆಚ್ಚಿನವರು ಅಷ್ಟು ಹೊತ್ತಿಗಾಗಲೇ ವಾರಗಟ್ಟಲೆ ನೀರು ಸುರಿದುಕೊಂಡು ಓಡಿಸಿರುತ್ತಾರೆ. ಇಂಜಿನ್ನನ್ನು ತಂಪಾಗಿಡಲು ಮುಚ್ಚಿದ ವ್ಯವಸ್ಥೆಯೊಳಗೆ ಸುತ್ತುವ ಈ ದ್ರವ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕೆಲವೇ ದಿನಗಳಲ್ಲಿ ಮತ್ತೆ ತುಂಬಿಸಬೇಕಾಗಿ ಬಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಬರೀ ನೀರು ಸೇರಿಸುತ್ತ ಹೋದಂತೆ ತುಕ್ಕು ತಡೆಯುವ ರಾಸಾಯನಿಕಗಳು ತೆಳುವಾಗುತ್ತವೆ, ಆಮೇಲೆ ಒಂದು ಕಡೆಯಿದ್ದ ಸೋರಿಕೆ ಮೂರು ಕಡೆಗೆ ಹಬ್ಬುತ್ತದೆ.

ವ್ಯಾನಿನಲ್ಲಿ ಈ ಹುಡುಕಾಟ ಕಾರಿಗಿಂತ ಕಷ್ಟ. ಅನೇಕ ಹಳೆಯ ವ್ಯಾನುಗಳಲ್ಲಿ ಇಂಜಿನ್ ಮುಂದಿನ ಸೀಟುಗಳ ಕೆಳಗಿರುತ್ತದೆ. ಹಿಂಬದಿಯ ಪ್ರಯಾಣಿಕರಿಗಾಗಿ ಇನ್ನೊಂದು ಹೀಟರ್ ಇದ್ದರೆ, ಅದಕ್ಕೆ ಹೋಗಿಬರುವ ಪೈಪುಗಳು ನೆಲದಡಿಯಲ್ಲಿ, ಕೆಸರು ಸಿಡಿಯುವ ಜಾಗದಲ್ಲೇ, ಹಲವು ಜೋಡಣೆಗಳೊಂದಿಗೆ ಮೀಟರುಗಟ್ಟಲೆ ಸಾಗುತ್ತವೆ. ಸೋರಿದ ದ್ರವ ಚಾಸಿಯ ಅಡ್ಡಪಟ್ಟಿಯ ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ, ನೆಲದ ಮೇಲಿನ ಕಲೆಯನ್ನು ನೋಡಿ ಬಿಡಿಭಾಗ ತರಿಸುವುದು ಸರಿಯಲ್ಲ.

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆಗೆಯಬಾರದು. ಕೂಲೆಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಸಮಪಾಲಿನ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮುಚ್ಚಳ ಹಿಡಿದಿಡುವ ಸುಮಾರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಆ ಅಂಕಿ 125ನ್ನು ದಾಟುತ್ತದೆ. ಮುಚ್ಚಳ ತಿರುಗಿಸಿದೊಡನೆ ಒತ್ತಡ ಇಳಿದು, ಅಷ್ಟು ಬಿಸಿಯಾದ ದ್ರವ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮಬಹುದು. ಇದೇ ಕಾರಣಕ್ಕೆ ಮುಚ್ಚಳವನ್ನೂ ಪರೀಕ್ಷಿಸಬೇಕು: ಅದರ ರಬ್ಬರ್ ಸೀಲ್ ಸವೆದು ಒತ್ತಡ ನಿಲ್ಲದಿದ್ದರೆ ಕೂಲೆಂಟ್ ಬೇಗ ಕುದಿದು ಹೊರಚೆಲ್ಲುತ್ತದೆ. ಮುಚ್ಚಳವೊಂದನ್ನು ಬದಲಾಯಿಸಿದ್ದರೆ ಸಾಕಾಗುತ್ತಿದ್ದಲ್ಲಿ ರೇಡಿಯೇಟರನ್ನೇ ಬದಲಾಯಿಸಿದ ವಾಹನಗಳನ್ನು ನಾನು ನೋಡಿದ್ದೇನೆ.

ನಾನು ಮೊದಲು ಕೈಗೆತ್ತಿಕೊಳ್ಳುವುದು ಕೈಪಂಪು ಮತ್ತು ಮಾಪಕವಿರುವ ಪ್ರೆಶರ್ ಟೆಸ್ಟರನ್ನು. ಅದನ್ನು ಮುಚ್ಚಳದ ಜಾಗದಲ್ಲಿ ಕೂರಿಸಿ, ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡ ತುಂಬಬೇಕು. ಹೆಚ್ಚು ತುಂಬಿದರೆ ವಯಸ್ಸಾದ ಪ್ಲಾಸ್ಟಿಕ್ ಟ್ಯಾಂಕು ನಮ್ಮ ಕೈಯಲ್ಲೇ ಬಿರಿಯಬಹುದು. ಹದಿನೈದು ಇಪ್ಪತ್ತು ನಿಮಿಷ ಮುಳ್ಳು ಅಲುಗದಿರಬೇಕು. ಅದು ಇಳಿಯತೊಡಗಿದರೆ ಟಾರ್ಚು ಹಿಡಿದು ಹೋಸ್‌ಗಳ ತುದಿಗಳನ್ನು, ರೇಡಿಯೇಟರಿನ ಪ್ಲಾಸ್ಟಿಕ್ ಭಾಗ ಅಲ್ಯೂಮಿನಿಯಮ್ಮಿಗೆ ಸೇರುವ ಅಂಚನ್ನು, ವಾಟರ್ ಪಂಪಿನ ಕೆಳಗಿರುವ ಸಣ್ಣ ರಂಧ್ರವನ್ನು, ಕೊನೆಗೆ ನೆಲದಡಿಯ ಪೈಪುಗಳನ್ನು ಒಂದೊಂದಾಗಿ ನೋಡುತ್ತೇನೆ.

ಈ ಪರೀಕ್ಷೆಯನ್ನು ಪೂರ್ತಿ ತಣ್ಣಗಿರುವ ಇಂಜಿನ್ನಿನ ಮೇಲೆಯೂ ಮಾಡಬೇಕೆಂಬುದನ್ನು ನಾನು ಒಂದು ತಪ್ಪಿನಿಂದ ಕಲಿತೆ. ಒಂದು ವ್ಯಾನಿನಲ್ಲಿ ವಾಟರ್ ಪಂಪಿನ ರಂಧ್ರದ ಕೆಳಗೆ ಒಣಗಿದ ಹಸಿರು ಕಲೆ ಕಂಡಿತು. ಒತ್ತಡ ತುಂಬಿ ನೋಡದೆ ಪಂಪನ್ನು ಬದಲಾಯಿಸಿದೆ. ಎರಡು ವಾರಕ್ಕೆ ಅದೇ ದೂರಿನೊಂದಿಗೆ ವ್ಯಾನ್ ಮರಳಿತು. ರಾತ್ರಿಯಿಡೀ ನಿಲ್ಲಿಸಿಕೊಂಡು, ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮೊದಲೇ ಒತ್ತಡ ತುಂಬಿದಾಗ, ಹಿಂದಿನ ಹೀಟರಿನ ಪೈಪಿಗೆ ಹೋಸ್ ಸೇರುವಲ್ಲಿ ಹನಿ ಮೂಡಿತು. ಚಳಿಗೆ ಕುಗ್ಗಿದ, ಗಡುಸಾದ ರಬ್ಬರ್ ಅಲ್ಲಿ ಸಂದು ಬಿಡುತ್ತಿತ್ತು. ಇಂಜಿನ್ ಬಿಸಿಯಾದೊಡನೆ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಕ್ಲಾಂಪನ್ನು ಬಿಗಿಗೊಳಿಸಿದ್ದರೆ ಕೆಲ ದಿನ ನಿಲ್ಲುತ್ತಿತ್ತೇನೋ, ಆದರೆ ಹೋಸ್ ಬಿಚ್ಚಿದಾಗ ಉಕ್ಕಿನ ಪೈಪಿನ ತುದಿ ತುಕ್ಕು ತಿಂದು ಉಬ್ಬುತಗ್ಗಾಗಿತ್ತು. ಆ ತುಂಡನ್ನು ಕತ್ತರಿಸಿ ಹೊಸ ಪೈಪು, ಹೊಸ ಹೋಸ್ ಹಾಕಿದ ಮೇಲೆ ಸೋರಿಕೆ ನಿಂತಿತು. ಪಂಪಿನ ಕೆಳಗಿದ್ದ ಕಲೆ ಎಂದಿನದೋ ಹಳೆಯದು. ಆ ಪಂಪನ್ನು ಬದಲಾಯಿಸುವ ಅಗತ್ಯವೇ ಇರಲಿಲ್ಲ.

ಮುಳ್ಳು ಇಳಿಯುತ್ತಿದ್ದರೂ ಹೊರಗೆಲ್ಲೂ ಹನಿ ಕಾಣದಿದ್ದರೆ ಮೊದಲು ವ್ಯಾನಿನ ಒಳಗೆ ನೋಡಬೇಕು. ಸಿಹಿಯಾದ ವಾಸನೆ, ಮುಂಗಾಜಿನ ಮೇಲೆ ಜಿಡ್ಡಾದ ಮಂಜು, ಕಾಲಡಿಯ ಒದ್ದೆ ಮ್ಯಾಟು ಹೀಟರ್ ಕೋರನ್ನು, ಅಂದರೆ ಒಳಗಿನ ಗಾಳಿಯನ್ನು ಬಿಸಿಮಾಡುವ ಪುಟ್ಟ ರೇಡಿಯೇಟರನ್ನು, ಸೂಚಿಸುತ್ತವೆ. ಇವೂ ಇಲ್ಲದಿದ್ದರೆ ಇಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟಿನ ಮೇಲೆ ಅನುಮಾನ ಬರುತ್ತದೆ. ಆಯಿಲ್ ಮುಚ್ಚಳದಡಿಯ ಬಿಳಿ ನೊರೆಯೊಂದನ್ನೇ ನೋಡಿ ತೀರ್ಪು ಕೊಡಬಾರದು. ಸಣ್ಣ ಸಣ್ಣ ದೂರ ಮಾತ್ರ ಓಡುವ ವಾಹನದಲ್ಲಿ ತೇವಾಂಶದಿಂದಲೂ ಅದು ಬರುತ್ತದೆ. ಟ್ಯಾಂಕಿನ ಬಾಯಿಂದ ಬರುವ ಗಾಳಿಯನ್ನು ನೀಲಿ ಪರೀಕ್ಷಾ ದ್ರಾವಣದ ಮೂಲಕ ಹಾಯಿಸಿದಾಗ, ಪೆಟ್ರೋಲ್ ಇಂಜಿನ್ನಿನಲ್ಲಿ ಆ ದ್ರಾವಣ ಹಳದಿಗೆ ತಿರುಗಿದರೆ ದಹನದ ಅನಿಲ ಕೂಲೆಂಟಿಗೆ ನುಗ್ಗುತ್ತಿದೆ ಎಂದು ತಿಳಿಯಬಹುದು. ಸೋರಿಕೆ ಮುಚ್ಚುವ ಪುಡಿ, ದ್ರಾವಣಗಳನ್ನು ನಾನು ಬಳಸುವುದಿಲ್ಲ, ಏಕೆಂದರೆ ಅವು ಹೀಟರ್ ಕೋರಿನ ಕಿರಿದಾದ ದಾರಿಗಳನ್ನೂ ಕಟ್ಟಿಬಿಡುತ್ತವೆ.

ಮರಳಿ ತುಂಬುವಾಗ ಬಣ್ಣ ನೋಡಿ ಆರಿಸದೆ, ತಯಾರಕರು ಹೇಳಿದ ಬಗೆಯ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಬೆರೆಸಬೇಕು. ಎರಡೂ ಹೀಟರುಗಳನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂಗಳನ್ನು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ನಿಧಾನವಾಗಿ ತುಂಬಬೇಕು. ಇಂಜಿನ್ ಓಡಿಸಿದಾಗ ಹಿಂದಿನ ಹೀಟರಿನಿಂದ ಬಿಸಿಗಾಳಿ ಬರುವವರೆಗೂ ಆ ಉದ್ದದ ಪೈಪುಗಳಲ್ಲಿ ಗಾಳಿ ಉಳಿದಿರುವ ಸಾಧ್ಯತೆಯಿದೆ. ಹಳೆಯ ಕೂಲೆಂಟನ್ನು ತೆರೆದಿಡುವುದಾಗಲಿ ಚರಂಡಿಗೆ ಸುರಿಯುವುದಾಗಲಿ ಕೂಡದು. ರುಚಿಗೆ ಸಿಹಿಯಾದ ಆ ವಿಷ ನಾಯಿಗಳ, ಮಕ್ಕಳ ಪ್ರಾಣ ತೆಗೆಯಬಲ್ಲದು, ಆದ್ದರಿಂದ ನೆಲಕ್ಕೆ ಬಿದ್ದದ್ದನ್ನೂ ಒರೆಸಿ ತೊಳೆಯಬೇಕು. ಮರುದಿನ ಬೆಳಿಗ್ಗೆ ತಣ್ಣಗಿನ ಇಂಜಿನ್ನಿಗೆ ಇನ್ನೊಮ್ಮೆ ಒತ್ತಡ ತುಂಬಿ, ಮುಳ್ಳು ನಿಂತಲ್ಲೇ ನಿಂತಿರುವುದನ್ನು ಕಂಡ ಮೇಲೆಯೇ ನಾನು ಕೀಲಿಯನ್ನು ಮಾಲೀಕರ ಕೈಗೆ ಕೊಡುತ್ತೇನೆ.